ಕೇಳಿಸಿಕೊಳ್ಳುವವರ ಮಾತನ್ನೂ ಕೇಳಿ: ಚೀನಾದ ಆರೋಗ್ಯ ಆಯೋಗಕ್ಕೊಂದು ಬಹಿರಂಗ ಪತ್ರ

ಗೆ,
ರಾಷ್ಟ್ರೀಯ ಆರೋಗ್ಯ ಆಯೋಗ,
ಚೀನಾ ಜನವಾದಿ ಗಣರಾಜ್ಯ, ಬೀಜಿಂಗ್

ಮಾನ್ಯರೇ,

ನಾನು ಕರ್ನಾಟಕ ಮತ್ತು ಮಹಾರಾಷ್ಟ್ರದ ಗಡಿಯ ಹಳ್ಳಿಯೊಂದರಲ್ಲಿ ಹುಟ್ಟಿದವಳು. ಬೇರೆ ಬೇರೆ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ 34 ವರ್ಷ ದಾದಿಯಾಗಿ ದುಡಿದು ನಿವೃತ್ತಳಾಗಿದ್ದೇನೆ. ನಿಮ್ಮ ದೇಶದ ದಾದಿಯರ ಬಗ್ಗೆ ನಿಮಗೆ ಪತ್ರ ಬರೆಯಲು ಇವಳು ಯಾರು ಎಂದು ನೀವು ಕೇಳಬಹುದು. ನನ್ನ ಊರಿನಿಂದ ಬಸ್ ಹಿಡಿದರೆ ಸೊಲ್ಲಾಪುರ ಸಿಗುತ್ತದೆ. ಅದು ಡಾ. ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ ಊರು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ್ದ ನಿಮ್ಮ ಜನರ ಶುಶ್ರೂಷೆಗೆಂದು ಭಾರತದಿಂದ ಹೊರಟ ಐವರು ವೈದ್ಯರಲ್ಲಿ ಅವರೂ ಒಬ್ಬರು. ಅವರು ಮತ್ತೆ ಮನೆಗೆ ಬರಲಿಲ್ಲ. 1942ರ ಡಿಸೆಂಬರ್ 9ರಂದು ಅಲ್ಲಿಯೇ ತೀರಿಕೊಂಡರು. ಈ ಕಥೆಯನ್ನು ನನ್ನ ಅಪ್ಪ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ.

ಅಪ್ಪ ಹೇಳದೇ ಉಳಿದ ಸಂಗತಿಯೊಂದಿತ್ತು. ನಾನು ನರ್ಸಿಂಗ್ ಕಲಿತು ಕೆಲಸಕ್ಕೆ ಸೇರಿದ ಎಷ್ಟೋ ವರ್ಷಗಳ ಮೇಲೆ ಅದನ್ನು ಓದಿ ತಿಳಿದೆ. ಕೋಟ್ನಿಸ್ ಅವರು 1941ರಲ್ಲಿ ಮದುವೆಯಾದ ಗುವೊ ಚಿಂಗ್‌ಲಾನ್ ದಾದಿಯಾಗಿದ್ದರು. ಯುದ್ಧದ ನಡುವೆ ಹುಡುಗಿಯರಿಗೆ ಶುಶ್ರೂಷೆ ಕಲಿಸುತ್ತಿದ್ದರು. ಹುಟ್ಟಿದ ಮಗನಿಗೆ ಭಾರತ ಮತ್ತು ಚೀನಾ ಎರಡೂ ಸೇರಿದ ‘ಯಿನ್‌ಹುವಾ’ ಎಂಬ ಹೆಸರಿಟ್ಟರು. ಮಗುವಿಗೆ ನಾಲ್ಕು ತಿಂಗಳಾಗುವಷ್ಟರಲ್ಲಿ ಗಂಡನನ್ನು ಕಳೆದುಕೊಂಡರು. ಆಮೇಲೆ 70 ವರ್ಷ ಬದುಕಿ 2012ರಲ್ಲಿ ಕಣ್ಣು ಮುಚ್ಚಿದರು. ನಮ್ಮ ಕಡೆಯ ಕಥೆಗಳಲ್ಲಿ ಅವರು ‘ಕೋಟ್ನಿಸರ ಚೀನೀ ಹೆಂಡತಿ’ ಮಾತ್ರ. ಅವರ ಕಸುಬು ಯಾವುದೆಂದು ಯಾರೂ ಕೇಳಲೇ ಇಲ್ಲ. ಅದನ್ನು ಓದಿದ ದಿನ ನನಗೆ ಅಳು ಬಂದಿತ್ತು. ನಿಮ್ಮ ದಾದಿಯರ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದುವ ಅಭ್ಯಾಸ ನನಗೆ ಅಂದಿನಿಂದ ಹತ್ತಿಕೊಂಡಿತು.

ಈ ಪತ್ರ ಕನ್ನಡದಲ್ಲಿದೆ, ನಿಮ್ಮ ಮೇಜಿನವರೆಗೆ ಬರುವುದು ಕಷ್ಟ. ಆದರೆ ಇದನ್ನು ಓದುವ ಕನ್ನಡಿಗರಲ್ಲಿ ಹೆಚ್ಚಿನವರು ಒಂದಲ್ಲ ಒಂದು ರಾತ್ರಿ ಆಸ್ಪತ್ರೆಯ ಮಂಚದ ಮೇಲೆ ಮಲಗಿ ‘ಸಿಸ್ಟರ್’ ಎಂದು ಕೂಗಿದವರು, ಇಲ್ಲವೇ ಮುಂದೆ ಕೂಗಲಿರುವವರು. ಇದು ಅವರಿಗೂ ಸೇರಿದ ಪತ್ರ.

ಮೊದಲು ಹೆಸರಿನ ಮಾತು. ನಿಮ್ಮಲ್ಲಿ ದಾದಿಗೆ ‘ಹುಶಿ’ ಎನ್ನುತ್ತಾರೆ. ಈ ಪದಕ್ಕೆ ನೂರು ವರ್ಷ ದಾಟಿದೆ ಅಷ್ಟೆ. 1888ರಲ್ಲಿ ಫೂಜೌ ನಗರದಲ್ಲಿ ಅಮೆರಿಕದ ಮಿಷನರಿ ದಾದಿಯೊಬ್ಬರು ಶಾಲೆ ತೆರೆದ ಕಾಲದಲ್ಲಿ ಈ ಕೆಲಸಕ್ಕೆ ಗೌರವದ ಹೆಸರಿರಲಿಲ್ಲ. ‘ನೋಡಿಕೊಳ್ಳುವವರು’ ಎಂಬ ಅರ್ಥದ ಮಾತು ಬಳಕೆಯಲ್ಲಿತ್ತು. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಕಲಿತು ಬಂದ ಝೊಂಗ್ ಮಾವೊಫಾಂಗ್ ಎಂಬ ಹೆಣ್ಣುಮಗಳು 1914ರಲ್ಲಿ ಶಾಂಘೈನಲ್ಲಿ ನಡೆದ ದಾದಿಯರ ಸಮ್ಮೇಳನದಲ್ಲಿ ‘ಹುಶಿ’ ಎಂಬ ಪದವನ್ನು ಮುಂದಿಟ್ಟರು. ‘ಹು’ ಎಂದರೆ ಕಾಪಾಡುವುದು, ಪೊರೆಯುವುದು. ‘ಶಿ’ ಎಂದರೆ ಓದಿದವರು, ವಿದ್ವಾಂಸರು. ಹೆಂಗಸರು ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ, ಮಲಮೂತ್ರ ಬಾಚುವ ಕೆಲಸದವರಿಗೆ ವಿದ್ವಾಂಸರ ಪದವಿ ಕೊಟ್ಟರು! ಆ ಎದೆಗಾರಿಕೆಗೆ ನಾನು ಇಲ್ಲಿಂದಲೇ ಕೈ ಮುಗಿಯುತ್ತೇನೆ.

ನಮ್ಮ ಭಾಷೆಯ ಹೆಸರಿಗೂ ಒಂದು ಅರ್ಥವಿದೆ, ಅದು ನಮ್ಮವರಿಗೇ ಮರೆತುಹೋಗಿದೆ. ‘ಶುಶ್ರೂಷೆ’ ಸಂಸ್ಕೃತದ ‘ಶ್ರು’ ಧಾತುವಿನಿಂದ ಬಂದ ಮಾತು. ಶ್ರವಣ, ಶ್ರೋತೃ ಎಲ್ಲ ಅದೇ ಮನೆಯ ಪದಗಳು. ಶುಶ್ರೂಷೆ ಎಂದರೆ ಮೂಲದಲ್ಲಿ ಕೇಳಬೇಕೆಂಬ ಇಚ್ಛೆ. ಕೆಲವು ವರ್ಷಗಳ ಹಿಂದೆ ನಮ್ಮ ಸರ್ಕಾರ ನಮ್ಮನ್ನು ‘ಶುಶ್ರೂಷಾಧಿಕಾರಿ’ ಎಂದು ಕರೆಯತೊಡಗಿತು. ಹೊಸ ಹೆಸರಿನ ಫಲಕ ನೋಡಿ ನನ್ನ ಜೊತೆಯವರು ಸಂತೋಷಪಟ್ಟರು, ನಾನೂ ಪಟ್ಟೆ. ಆದರೆ ನರಳುವುದನ್ನು ಕೇಳಿ ಓಡಿ ಬರುವವಳ ಮಾತನ್ನು ಕೇಳುವವರು ಯಾರು ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿದೇ ಇತ್ತು. ನಿಮ್ಮ ದೇಶದ ಶುಶ್ರೂಷೆಯ ಚರಿತ್ರೆ ಓದುವಾಗಲೂ ಅದೇ ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು.

ನಿಮ್ಮ ನರ್ಸಿಂಗ್ ಶಾಲೆಗಳಲ್ಲಿ ಕಲಿಸುವ ಮೌಲ್ಯಗಳಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರವಾದದ್ದು ‘ಶೆನ್‌ಡು’. ಕನ್ಫ್ಯೂಷಿಯಸ್ ಪರಂಪರೆಯ ಹಳೆಯ ಗ್ರಂಥಗಳಿಂದ ಬಂದ ಮಾತು ಅದು. ಒಬ್ಬರೇ ಇದ್ದಾಗ, ಯಾರ ಕಣ್ಣೂ ತಮ್ಮ ಮೇಲಿಲ್ಲದಾಗ, ಎಲ್ಲರೆದುರು ಇರುವಷ್ಟೇ ಎಚ್ಚರದಿಂದ ಇರುವುದು ಎಂದು ಅರ್ಥ. ಇದನ್ನು ಹೇಳಿದ ಪಂಡಿತರ ಮನಸ್ಸಿನಲ್ಲಿ ದಾದಿ ಇರಲಿಲ್ಲ. ಆದರೆ ರಾತ್ರಿ ಪಾಳಿಯ ದಾದಿಗೆ ಇದಕ್ಕಿಂತ ಒಪ್ಪುವ ಮಾತು ನನಗೆ ಬೇರೆ ಕಂಡಿಲ್ಲ. ರಾತ್ರಿ ಎರಡು ಗಂಟೆಗೆ ವಾರ್ಡಿನ ಕೊನೆಯ ಮಂಚದಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವ ಮುದುಕನನ್ನು ಎರಡೆರಡು ಗಂಟೆಗೆ ಮಗ್ಗುಲಾಗಿಸಬೇಕು. ಬಿಟ್ಟರೆ ಅವನು ದೂರು ಕೊಡಲಾರ. ಬಂಧುಗಳು ಹೊರಗಿನ ಜಗಲಿಯಲ್ಲಿ ಮಲಗಿರುತ್ತಾರೆ. ಹಾಸಿಗೆ ಹುಣ್ಣು ಇಂದೇ ಕಾಣಿಸಿಕೊಳ್ಳುವುದಿಲ್ಲ, ಆಗುವಷ್ಟರಲ್ಲಿ ಪಾಳಿ ಬದಲಾಗಿರುತ್ತದೆ. ಕೈ ತೊಳೆದೆನೋ ಇಲ್ಲವೋ, ನೆಲಕ್ಕೆ ತಾಗಿದ ಸೂಜಿಯನ್ನು ಬಿಸಾಡಿದೆನೋ ಬಳಸಿದೆನೋ, ನನಗೊಬ್ಬಳಿಗೆ ಗೊತ್ತು. ನನ್ನ 34 ವರ್ಷದ ಕೆಲಸದಲ್ಲಿ ಬಹುಪಾಲು ಇಂಥದ್ದೇ ಆಗಿತ್ತು.

ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ದಾದಿಯಾದ ಅರುಣಾ ಶಾನಭಾಗರ ಹೆಸರನ್ನು ಇಲ್ಲಿ ನೆನೆಯದಿದ್ದರೆ ನನಗೆ ಸಮಾಧಾನವಾಗದು. 1973ರಲ್ಲಿ ತಾವು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಕ್ರೂರ ಹಲ್ಲೆಗೆ ಗುರಿಯಾಗಿ, 2015ರಲ್ಲಿ ತೀರಿಕೊಳ್ಳುವವರೆಗೆ 42 ವರ್ಷ ಅವರು ಹಾಸಿಗೆ ಹಿಡಿದಿದ್ದರು. ಕೆಇಎಂ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಆ ಕೆಲಸವನ್ನು ಒಪ್ಪಿಸಿಕೊಳ್ಳುತ್ತ ಅವರನ್ನು ನೋಡಿಕೊಂಡರು. ಹಾಸಿಗೆ ಹುಣ್ಣಾಗಲು ಬಿಡಲಿಲ್ಲ. ಶೆನ್‌ಡು ಎಂಬ ಪದವನ್ನು ನಮ್ಮ ಹುಡುಗಿಯರಿಗೆ ವಿವರಿಸಬೇಕಾಗಿ ಬಂದರೆ ನಾನು ಆ ದಾದಿಯರನ್ನು ತೋರಿಸುತ್ತೇನೆ.

ನಿಮ್ಮವರು ಆ ಮಾತನ್ನು ಬರೀ ಉಪದೇಶವಾಗಿ ಉಳಿಸದೆ ಕೈಗೆ ಇಳಿಸಿದ್ದಾರೆ. ‘ಮೂರು ತಪಾಸಣೆ, ಏಳು ತಾಳೆ’ ಎಂಬ ನಿಯಮವನ್ನು ನಿಮ್ಮ ಪ್ರತಿಯೊಬ್ಬ ದಾದಿಯೂ ಮಗ್ಗಿಯಂತೆ ಬಾಯಿಪಾಠ ಮಾಡಿರುತ್ತಾಳೆ. ಔಷಧಿ ಕೊಡುವ ಮುಂಚೆ, ಕೊಡುವಾಗ, ಕೊಟ್ಟ ಮೇಲೆ ನೋಡುವುದು ಮೂರು ತಪಾಸಣೆ. ಮಂಚದ ಸಂಖ್ಯೆ, ರೋಗಿಯ ಹೆಸರು, ಔಷಧಿಯ ಹೆಸರು, ಪ್ರಮಾಣ, ಸಾಂದ್ರತೆ, ಸಮಯ, ಕೊಡುವ ಮಾರ್ಗ ಇವು ಏಳು ತಾಳೆ. ನಾವು ಕಲಿತದ್ದೂ ಹೆಚ್ಚುಕಡಿಮೆ ಇದನ್ನೇ. ನಿಮ್ಮ ಹುಡುಗಿಯರು ದಣಿದು ಕಣ್ಣು ಮುಚ್ಚುವ ಹೊತ್ತಿನಲ್ಲೂ ತುಟಿ ಅಲುಗಿಸುತ್ತ ಈ ಏಳನ್ನು ಎಣಿಸುವುದನ್ನು ಊಹಿಸಿಕೊಂಡಾಗ, ದೇಶ ಭಾಷೆ ಏನೂ ಗೊತ್ತಿಲ್ಲದ ಅವರು ನನ್ನ ಜೊತೆಯ ಪಾಳಿಯವರು ಎನ್ನಿಸುತ್ತದೆ.

ಈಗ ನನ್ನ ಬದುಕಿನ ಒಂದು ರಾತ್ರಿಯ ಸಂಗತಿ ಹೇಳಬೇಕು. ಕೆಲಸಕ್ಕೆ ಸೇರಿ ಎರಡನೆಯ ವರ್ಷ, ಮಕ್ಕಳ ವಾರ್ಡು. ಒಂದು ವರ್ಷದ ಕೂಸಿಗೆ ವೈದ್ಯರು ಕೇಸ್ ಶೀಟಿನಲ್ಲಿ ಜೆಂಟಾಮೈಸಿನ್ ಇಂಜೆಕ್ಷನ್ ಬರೆದಿದ್ದರು. ಪ್ರಮಾಣ ದೊಡ್ಡವರದು. ಆ ಔಷಧಿ ಹೆಚ್ಚಾದರೆ ಮೂತ್ರಪಿಂಡಕ್ಕೂ ಕಿವಿಗೂ ಕೇಡು ಎಂದು ನನಗೆ ಕಲಿಸಿದ್ದರು. ವೈದ್ಯರು ಡ್ಯೂಟಿ ಕೊಠಡಿಯಲ್ಲಿ ಮಲಗಿದ್ದರು. ಹಿಂದಿನ ವಾರವಷ್ಟೇ ಎಬ್ಬಿಸಿದ್ದಕ್ಕೆ ನನ್ನ ಜೊತೆಯವಳನ್ನು ರೋಗಿಗಳ ಎದುರಿಗೇ ಬೈದಿದ್ದರು. ನಾನು ಎರಡು ಸಲ ಆ ಬಾಗಿಲವರೆಗೆ ಹೋಗಿ ಮರಳಿದೆ. ಕೊನೆಗೆ ಇಂಜೆಕ್ಷನ್ ಕೊಡಲೂ ಇಲ್ಲ, ಕೇಳಲೂ ಇಲ್ಲ. ಕೇಸ್ ಶೀಟಿನ ಆ ಜಾಗವನ್ನು ಖಾಲಿ ಬಿಟ್ಟು, ಬೆಳಗಿನವರೆಗೆ ಕೂಸಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತೆ. ಜ್ವರ ಏರುತ್ತಲೇ ಹೋಯಿತು. ಬೆಳಿಗ್ಗೆ ರೌಂಡ್ಸಿಗೆ ಬಂದ ವೈದ್ಯರು ಏನೂ ಮಾತನಾಡದೆ ಪ್ರಮಾಣವನ್ನು ತಿದ್ದಿದರು. ಆಮೇಲೆ ಖಾಲಿ ಜಾಗ ತೋರಿಸಿ, ಔಷಧಿ ತಡಮಾಡಿದ್ದಕ್ಕೆ ನನಗೆ ಮೆಮೊ ಕೊಡಿಸಿದರು. ಕೂಸು ಬದುಕಿತು. ಅದರ ತಾಯಿ ಮನೆಗೆ ಹೋಗುವಾಗ ನನ್ನ ಕೈ ಹಿಡಿದುಕೊಂಡಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ತಪ್ಪು ಔಷಧಿ ಕೊಡದಿರುವ ಎಚ್ಚರ ನನ್ನಲ್ಲಿತ್ತು, ಬಾಗಿಲು ಬಡಿಯುವ ಧೈರ್ಯ ಇರಲಿಲ್ಲ. ಆ ಆರು ಗಂಟೆಗಳನ್ನು ಆ ಕೂಸು ನನ್ನ ಹೆದರಿಕೆಯಿಂದಾಗಿ ಅನುಭವಿಸಿತು.

ನಿಮ್ಮ ರಾಜ್ಯ ಮಂಡಳಿ, ಅಂದರೆ ಕೇಂದ್ರ ಸರ್ಕಾರ, ಹೊರಡಿಸಿದ ‘ದಾದಿಯರ ನಿಯಮಾವಳಿ’ಯ 17ನೆಯ ಕಲಮನ್ನು ಓದಿದಾಗ ನನಗೆ ನೆನಪಾದದ್ದು ಆ ಬಾಗಿಲು. ವೈದ್ಯರ ಆದೇಶ ಕಾನೂನಿಗೋ ಚಿಕಿತ್ಸೆಯ ಕ್ರಮಕ್ಕೋ ವಿರುದ್ಧವಾಗಿದೆ ಎಂದು ಕಂಡರೆ ದಾದಿ ತಕ್ಷಣ ಆ ವೈದ್ಯರ ಗಮನಕ್ಕೆ ತರಬೇಕು, ಅಗತ್ಯವಾದರೆ ವಿಭಾಗದ ಮುಖ್ಯಸ್ಥರಿಗೋ ಆಸ್ಪತ್ರೆಯ ಆಡಳಿತಕ್ಕೋ ತಿಳಿಸಬೇಕು ಎನ್ನುತ್ತದೆ ಅದು. ರೋಗಿಯ ಸ್ಥಿತಿ ಗಂಭೀರವಾದಾಗ ವೈದ್ಯರು ಬರುವ ಮೊದಲೇ ಜೀವ ಉಳಿಸುವ ತುರ್ತು ಆರೈಕೆ ಶುರು ಮಾಡಬೇಕು ಎಂದೂ ಹೇಳುತ್ತದೆ. ಎಷ್ಟು ಒಳ್ಳೆಯ ಕಲಮು! ಆ ನಿಯಮಾವಳಿ ಜಾರಿಗೆ ಬಂದದ್ದು 2008ರ ಮೇ 12ರಂದು, ಅಂತರರಾಷ್ಟ್ರೀಯ ದಾದಿಯರ ದಿನದಂದು. ಅದೇ ದಿನ ಮಧ್ಯಾಹ್ನ ಸಿಚುವಾನ್ ಪ್ರಾಂತ್ಯ ಭೂಕಂಪಕ್ಕೆ ನಡುಗಿತು. ವಿಪತ್ತಿನಲ್ಲಿ ದಾದಿಯರು ಕರೆಗೆ ಓಗೊಡಬೇಕು ಎಂಬ 19ನೆಯ ಕಲಮು ಕಾಗದದ ಮೇಲೆ ಒಂದು ದಿನವೂ ಸುಮ್ಮನೆ ಕೂರಲಿಲ್ಲ. ಅಂದು ಕರೆಗೆ ಓಗೊಟ್ಟವರ ಋಣ ನಿಮ್ಮ ಮೇಲಿದೆ.

19ನೆಯ ಕಲಮಿಗೆ ನಿಮ್ಮ ದಾದಿಯರು ತಪ್ಪದೆ ಓಗೊಟ್ಟಿದ್ದಾರೆ. 17ನೆಯ ಕಲಮಿನಂತೆ ಅವರು ಮಾತನಾಡಿದಾಗ ಓಗೊಡುವವರು ಇದ್ದಾರೆಯೇ? ನಾನು ಈ ಪತ್ರದಲ್ಲಿ ಕೇಳಲು ಹೊರಟದ್ದು ಇದನ್ನೇ.

ದಾದಿಯರ ವೃತ್ತಿಮೌಲ್ಯಗಳನ್ನು ಅಳೆಯಲು ಒಂದು ಪ್ರಶ್ನಾವಳಿ ಇದೆ. ವೈಸ್ ಮತ್ತು ಶಾಂಕ್ ಎಂಬ ಇಬ್ಬರು ಅಮೆರಿಕದಲ್ಲಿ, ಅಲ್ಲಿನ ದಾದಿಯರ ಸಂಘದ ನೀತಿಸಂಹಿತೆಯ ಆಧಾರದ ಮೇಲೆ 2000ದ ಹೊತ್ತಿಗೆ ಅದನ್ನು ರೂಪಿಸಿದರು, 2009ರಲ್ಲಿ 26 ಪ್ರಶ್ನೆಗಳಿಗೆ ಇಳಿಸಿದರು. ಚೀನೀ ಭಾಷೆಗೂ ಅದು ಬಂದಿದೆ. ಕಾಳಜಿ, ನಂಬಿಕೆ, ನ್ಯಾಯ, ವೃತ್ತಿನಿಷ್ಠೆ, ಸಕ್ರಿಯ ಪಾಲ್ಗೊಳ್ಳುವಿಕೆ ಎಂದು ಅದರಲ್ಲಿ ಐದು ಭಾಗ. ನಿಮ್ಮಲ್ಲಿ ಮಾತ್ರವಲ್ಲ, ಬೇರೆ ಹಲವು ದೇಶಗಳಲ್ಲಿಯೂ ಇದನ್ನು ಬಳಸಿದಾಗ ಸಿಗುವ ಚಿತ್ರ ಒಂದೇ ಬಗೆಯದು. ರೋಗಿಯ ಗುಟ್ಟು ಕಾಯುವುದು, ಮರ್ಯಾದೆ ಕಾಯುವುದು ಇಂಥವಕ್ಕೆ ದಾದಿಯರು ಮೇಲಿನ ಅಂಕ ಕೊಡುತ್ತಾರೆ. ಸಂಘಟನೆಯಲ್ಲಿ ತೊಡಗುವುದು, ನೀತಿ ರೂಪಿಸುವಲ್ಲಿ ಪಾಲು ಕೇಳುವುದು ಇಂಥವು ಪಟ್ಟಿಯ ತಳಕ್ಕೆ ಬೀಳುತ್ತವೆ. ಇದನ್ನು ನೋಡಿದ ಅಧಿಕಾರಿಗಳು ದಾದಿಯರಲ್ಲಿ ಆ ಮೌಲ್ಯ ಕಡಿಮೆ, ಅವರಿಗೆ ತರಬೇತಿ ಕೊಡಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮೆಮೊ ಕೈಗೆ ಬಂದ ಬೆಳಿಗ್ಗೆ ಯಾರಾದರೂ ಆ ಪ್ರಶ್ನಾವಳಿಯನ್ನು ನನ್ನ ಮುಂದಿಟ್ಟಿದ್ದರೆ ನಾನೂ ಆ ಸಾಲಿಗೆ ಕಡಿಮೆ ಅಂಕವನ್ನೇ ಕೊಡುತ್ತಿದ್ದೆ. ಅದು ನನ್ನ ಮನಸ್ಸಿನ ಅಳತೆ ಆಗುತ್ತಿರಲಿಲ್ಲ, ನನ್ನ ವಾರ್ಡಿನ ಅಳತೆ ಆಗುತ್ತಿತ್ತು.

ನಿಮ್ಮ ವಾರ್ಡುಗಳಲ್ಲಿ ಈ ಬಾಯಿಗೆ ಬೀಗ ಹಾಕುವ ವ್ಯವಸ್ಥೆಗೆ ಒಂದು ಹೆಸರೂ ಇದೆ, ‘ಬಿಯೆನ್‌ಜಿ’. ಸರ್ಕಾರ ಮಂಜೂರು ಮಾಡಿದ ಖಾಯಂ ಹುದ್ದೆ ಎಂದು ಅರ್ಥ. ಆ ಹುದ್ದೆ ಇದ್ದವಳಿಗೆ ಪಿಂಚಣಿ, ಬಡ್ತಿ, ಭದ್ರತೆ. ಇಲ್ಲದವಳು ಗುತ್ತಿಗೆಯವಳು. ಇಬ್ಬರೂ ಒಂದೇ ಸಮವಸ್ತ್ರ ತೊಟ್ಟು, ಒಂದೇ ವಾರ್ಡಿನಲ್ಲಿ, ಅದೇ ಏಳು ತಾಳೆ ಎಣಿಸುತ್ತಾರೆ. ಸಂಬಳದ ದಿನ ಬೇರೆಯಾಗುತ್ತಾರೆ. ‘ಒಂದೇ ಕೆಲಸ, ಬೇರೆ ಕೂಲಿ’ ಎಂಬ ಗಾದೆಯಂಥ ಮಾತು ನಿಮ್ಮ ದಾದಿಯರ ಬಾಯಲ್ಲಿ ಹುಟ್ಟಿದ್ದು ಇದರಿಂದಲೇ. ಸಮಾನ ಕೆಲಸಕ್ಕೆ ಸಮಾನ ವೇತನ ಎಂದು ನಿಮ್ಮದೇ ಯೋಜನೆಗಳು ಹೇಳುತ್ತ ಬಂದಿವೆ. 2005ರಲ್ಲಿ ಸುಮಾರು 13.5 ಲಕ್ಷ ಇದ್ದ ನೋಂದಾಯಿತ ದಾದಿಯರು 2023ರ ಕೊನೆಗೆ 56 ಲಕ್ಷ ದಾಟಿದ್ದಾರೆ. ಇಷ್ಟು ವೇಗವಾಗಿ ಸಂಖ್ಯೆಯನ್ನು ಬೆಳೆಸಿದ ದೇಶ ಅಪರೂಪ, ಅದನ್ನು ಮೆಚ್ಚುತ್ತೇನೆ. ಆದರೆ ಖಾಯಂ ಹುದ್ದೆಗಳು ಆ ವೇಗದಲ್ಲಿ ಬೆಳೆಯಲಿಲ್ಲ. ವರ್ಷದ ಕೊನೆಗೆ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂದು ಕಾಯುವವಳು ದೊಡ್ಡ ವೈದ್ಯರ ಕೇಸ್ ಶೀಟಿನಲ್ಲಿ ತಪ್ಪು ಕಂಡಾಗ ಏನು ಮಾಡುತ್ತಾಳೆ? ನನಗಂತೂ ಖಾಯಂ ಹುದ್ದೆ ಇತ್ತು. ಆದರೂ ನಾನು ಬಾಗಿಲು ಬಡಿಯಲಿಲ್ಲ. ನಮ್ಮ ರಾಜ್ಯದ ಗುತ್ತಿಗೆ ದಾದಿಯರ ಮುಖ ನೋಡಿದಾಗಲೂ ನನಗೆ ಇದೇ ಚಿಂತೆ.

2020ರ ಫೆಬ್ರುವರಿಯ, ಕೋವಿಡ್ ಹಬ್ಬಿದ ದಿನಗಳ ಮಾತಿಗೆ ಬರುತ್ತೇನೆ. ವೂಹಾನ್ ಮತ್ತು ಹುಬೈ ಪ್ರಾಂತ್ಯಕ್ಕೆ ದೇಶದ ಎಲ್ಲ ಕಡೆಯಿಂದ 42 ಸಾವಿರಕ್ಕೂ ಹೆಚ್ಚು ವೈದ್ಯಕೀಯ ಸಿಬ್ಬಂದಿ ಬಂದರು. ಅವರಲ್ಲಿ 28 ಸಾವಿರಕ್ಕೂ ಹೆಚ್ಚು ಮಂದಿ ದಾದಿಯರು. ಏನು ರೋಗ, ಹೇಗೆ ಹರಡುತ್ತದೆ, ಸರಿಯಾಗಿ ಯಾರಿಗೂ ಗೊತ್ತಿಲ್ಲದ ದಿನಗಳು. ಒಂದು ವರ್ಷದ ಮೇಲೆ ನಮ್ಮಲ್ಲಿ ಎರಡನೆಯ ಅಲೆ ಬಂದಾಗ ನಾನು ಮೈಮುಚ್ಚುವ ಪಿಪಿಇ ಉಡುಪಿನೊಳಗೆ ಬೆವರಿದವಳು, ಅದರ ಬಿಸಿ ಬಲ್ಲೆ. ಆ ತಿಂಗಳು ನಿಮ್ಮ ಮಾಧ್ಯಮದಲ್ಲಿ ಒಂದು ವಿಡಿಯೊ ಬಂತು. ಗಾನ್ಸು ಪ್ರಾಂತ್ಯದಿಂದ ಹೊರಟಿದ್ದ ದಾದಿಯರ ಉದ್ದ ಕೂದಲನ್ನು ಸಾಲಾಗಿ ಬೋಳಿಸುತ್ತಿದ್ದರು. ಕೆಲವರ ಕಣ್ಣಲ್ಲಿ ನೀರಿತ್ತು. ಅದನ್ನು ತ್ಯಾಗದ ಚಿತ್ರವೆಂದು ತೋರಿಸಲಾಯಿತು. ನಿಮ್ಮ ದೇಶದ ಹೆಂಗಸರೇ ಎದ್ದು ಕೇಳಿದರು: ಇವರಿಗೆ ಇದು ಇಷ್ಟವಿತ್ತೇ? ಕತ್ತರಿಸಿ ಚಿಕ್ಕದು ಮಾಡಿದರೆ ಸಾಲುತ್ತಿರಲಿಲ್ಲವೇ? ಆಸ್ಪತ್ರೆಯವರು ಎಲ್ಲ ಸ್ವಇಚ್ಛೆಯಿಂದ ನಡೆದದ್ದು ಎಂದರು. ಇರಬಹುದು. ಸಾಲಾಗಿ ಕೂರಿಸಿದ ಮೇಲೆ ಬೇಡವೆನ್ನುವುದು ಎಷ್ಟು ಕಷ್ಟ ಎಂದು ಸರ್ಕಾರಿ ಕೆಲಸ ಮಾಡಿದ ಯಾವ ಹೆಂಗಸಿಗಾದರೂ ಗೊತ್ತು.

ಅದೇ ದಿನಗಳಲ್ಲಿ ವೂಹಾನಿನ ದಾದಿಯರಿಗೆ ಮುಟ್ಟಿನ ಬಟ್ಟೆಗೂ, ಪ್ಯಾಡಿಗೂ ಗತಿ ಇರಲಿಲ್ಲ. ಹುಬೈಗೆ ಹೋದ ಸಿಬ್ಬಂದಿಯಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. ಪರಿಹಾರ ಸಾಮಗ್ರಿಯ ಪಟ್ಟಿಗಳಲ್ಲಿ ಮೊದಲು ಇದಕ್ಕೆ ಜಾಗವೇ ಇರಲಿಲ್ಲ. ಒಮ್ಮೆ ತೊಟ್ಟರೆ ಗಂಟೆಗಟ್ಟಲೆ ಕಳಚಲಾಗದ ಉಡುಪಿನೊಳಗೆ ಅವರು ಡಯಾಪರ್ ಹಾಕಿಕೊಂಡು ಕೆಲಸ ಮಾಡಿದರು, ಮುಟ್ಟು ಮುಂದೂಡುವ ಮಾತ್ರೆ ನುಂಗಿದರು. ಶಾಂಘೈನ ಲಿಯಾಂಗ್ ಯು ಎಂಬ ತರುಣಿ ಸಾಮಾನ್ಯ ಜನರಿಂದ ಹಣ ಕೂಡಿಸಿ ಪ್ಯಾಡುಗಳನ್ನು ಕಳಿಸಬೇಕಾಯಿತು. ಬೋಳಿಸಿದ ತಲೆಯ ಚಿತ್ರ ತೆಗೆಯಲು ಕ್ಯಾಮೆರಾ ಇತ್ತು, ಪ್ಯಾಡಿನ ಪೆಟ್ಟಿಗೆ ತರಲು ಗಾಡಿ ಇರಲಿಲ್ಲ. ಈ ಸಾಲು ಬರೆಯುವಾಗ ನನ್ನ ಕೈ ಇನ್ನೂ ಸಿಟ್ಟಿನಿಂದ ನಡುಗುತ್ತದೆ.

ತ್ಯಾಗವನ್ನು ನಾನು ಕಡೆಗಣಿಸುವವಳಲ್ಲ. 2003ರಲ್ಲಿ ಸಾರ್ಸ್ ಎಂಬ ಶ್ವಾಸಕೋಶದ ಸೋಂಕು ಹಬ್ಬಿದಾಗ ಗ್ವಾಂಗ್‌ಝೌ ನಗರದ ಆಸ್ಪತ್ರೆಯ ತುರ್ತು ವಿಭಾಗದ ಮುಖ್ಯ ದಾದಿ ಯೆ ಶಿನ್, ಇಲ್ಲಿ ಅಪಾಯವಿದೆ, ನಾನು ಮಾಡುತ್ತೇನೆ ಎಂದು ಕಿರಿಯ ದಾದಿಯರನ್ನು ಹೊರಗೆ ನಿಲ್ಲಿಸಿ ತಾವೇ ಒಳಗೆ ಹೋದರು. ಆ ಮಾರ್ಚಿನಲ್ಲಿ ಅದೇ ರೋಗದಿಂದ ತೀರಿಕೊಂಡರು. ಅವರ ಹೆಸರಿಗೆ ನೈಟಿಂಗೇಲ್ ಪದಕ ಬಂತು. ಅವರು ಮಾಡಿದ್ದರ ಮುಂದೆ ತಲೆಬಾಗುತ್ತೇನೆ. ಆದರೆ ಗಮನಿಸಿ, ತಮ್ಮ ಕೈಕೆಳಗಿನ ಹುಡುಗಿಯರಿಗೆ ಅಪಾಯ ತಟ್ಟಬಾರದು ಎಂದು ಅವರು ಮುಂದೆ ಹೋದರು. ಅವರ ಮೂರ್ತಿಯ ಪಕ್ಕದಲ್ಲಿ ನಿಂತು ಹುಡುಗಿಯರಿಗೆ ‘ನೀವೂ ಹೀಗೆ ಪ್ರಾಣ ಕೊಡಿ’ ಎಂದು ಹೇಳುವುದು ಯೆ ಶಿನ್ ಬಯಸಿದ್ದಕ್ಕೆ ವಿರುದ್ಧ. ‘ಬಿಳಿಯುಡುಗೆಯ ದೇವದೂತೆಯರು’ ಎಂದು ನಿಮ್ಮಲ್ಲಿ ದಾದಿಯರನ್ನು ಕರೆಯುತ್ತಾರೆ. ನಮ್ಮಲ್ಲೂ ಮೇ 12 ಬಂದರೆ ಮಂತ್ರಿಗಳು ಇಂಥದ್ದೇ ಮಾತು ಆಡುತ್ತಾರೆ. ದೇವದೂತೆಗೆ ಹಸಿವಿಲ್ಲ, ಮುಟ್ಟಿಲ್ಲ, ಬಾಡಿಗೆ ಕಟ್ಟುವ ಮನೆಯಿಲ್ಲ. ಹೀಗೆ ಕರೆಸಿಕೊಂಡವಳಿಗೆ ಸಂಬಳದ ಮಾತೆತ್ತಲು ನಾಚಿಕೆಯಾಗುತ್ತದೆ. ಝೊಂಗ್ ಮಾವೊಫಾಂಗ್ ಕೊಟ್ಟ ಹೆಸರಿನಲ್ಲಿ ದೇವದೂತೆ ಇರಲಿಲ್ಲ, ಓದಿದ ಮನುಷ್ಯಳಿದ್ದಳು.

ಆ ಓದಿಗೂ ನಿಮ್ಮಲ್ಲಿ ದೊಡ್ಡ ಕಂದಕ ಬಿತ್ತು. 1920ರಲ್ಲಿ ಬೀಜಿಂಗಿನಲ್ಲಿ ಶುರುವಾಗಿದ್ದ ಪದವಿ ಮಟ್ಟದ ನರ್ಸಿಂಗ್ ಶಿಕ್ಷಣ 1950ರ ದಶಕದ ಮೊದಲಲ್ಲೇ ನಿಂತಿತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಶಾಲೆಗಳಿಗೇ ಬೀಗ ಬಿತ್ತು. ಮತ್ತೆ ಪದವಿ ತರಗತಿ ಆರಂಭವಾದದ್ದು 1983ರಲ್ಲಿ, ತಿಯಾನ್‌ಜಿನ್‌ನಲ್ಲಿ. ದೇಶಕ್ಕೆಲ್ಲ ಒಂದೇ ಅರ್ಹತಾ ಪರೀಕ್ಷೆ ಬಂದದ್ದು 1995ರಲ್ಲಿ. 30 ವರ್ಷ ಪದವೀಧರ ದಾದಿಯರೇ ತಯಾರಾಗದಿದ್ದರೆ ವೈದ್ಯರ ಎದುರು ಸರಿಸಮನಾಗಿ ಕುಳಿತು ಮಾತನಾಡುವ ರೂಢಿ ಎಲ್ಲಿಂದ ಬರಬೇಕು? ಪ್ರಶ್ನಾವಳಿಯ ಕಡಿಮೆ ಅಂಕಗಳಿಗೆ ಈ ಕಂದಕವೂ ಕಾರಣ ಎಂದು ನನ್ನ ಎಣಿಕೆ.

‘ಮೂರು ಪಾಲು ಚಿಕಿತ್ಸೆ, ಏಳು ಪಾಲು ಆರೈಕೆ’ ಎಂಬ ಗಾದೆ ನಿಮ್ಮದು. ಆ ಏಳು ಪಾಲನ್ನು ಮಾಡುತ್ತಿರುವವರು ಯಾರು? ನಿಮ್ಮ ವಾರ್ಡುಗಳಲ್ಲಿ ರೋಗಿಗೆ ಉಣ್ಣಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು ಬಹಳ ಕಾಲ ಮನೆಯವರ ಪಾಲಿಗೆ ಬಿದ್ದಿತ್ತು, ಇಲ್ಲವೇ ಅವರು ಕೂಲಿ ಕೊಟ್ಟು ಇಟ್ಟುಕೊಂಡ ‘ಹುಗುಂಗ್’ ಎಂಬ ಆಯಾಗಳ ಪಾಲಿಗೆ. ಇದು ನಮಗೂ ಚೆನ್ನಾಗಿ ಗೊತ್ತಿರುವ ದೃಶ್ಯ. ಏಕೆಂದರೆ ದಾದಿಯ ಕೈ ಡ್ರಿಪ್ ಬಾಟಲಿಗಳಲ್ಲಿ ಸಿಕ್ಕಿಕೊಂಡಿತ್ತು. 2009ರಲ್ಲಿ ನಿಮ್ಮ ದೇಶದಲ್ಲಿ ರಕ್ತನಾಳಕ್ಕೆ ಏರಿಸಿದ ಬಾಟಲಿಗಳು ಒಂದು ಸಾವಿರ ಕೋಟಿಗೂ ಹೆಚ್ಚು, ತಲೆಗೆ ಸುಮಾರು 8 ಬಾಟಲಿ ಎಂದು ನಿಮ್ಮ ಅಧಿಕಾರಿಗಳೇ ಹೇಳಿದ್ದರು. ಅಷ್ಟೂ ಬಾಟಲಿಗಳನ್ನು ತೂಗುಹಾಕಿ, ಸೂಜಿ ಚುಚ್ಚಿ, ಗಾಳಿ ಹೋಗದಂತೆ ನೋಡಿ, ಮುಗಿದಾಗ ಬದಲಿಸಿದ ಕೈಗಳನ್ನು ಲೆಕ್ಕ ಹಾಕಿ. ವಾರ್ಡಿನಲ್ಲಿ ಒಂದು ಮಂಚಕ್ಕೆ ಕನಿಷ್ಠ 0.4 ದಾದಿ ಎಂದು 1978ರಲ್ಲಿ ಮಾಡಿದ ಅಳತೆಯನ್ನೂ ಎಷ್ಟೋ ಆಸ್ಪತ್ರೆಗಳು ಮುಟ್ಟಿರಲಿಲ್ಲ. 2010ರಲ್ಲಿ ನಿಮ್ಮ ಸಚಿವಾಲಯ ‘ಉತ್ತಮ ಗುಣಮಟ್ಟದ ಶುಶ್ರೂಷೆ’ ಎಂಬ ಕಾರ್ಯಕ್ರಮದ ಮೂಲಕ ದಾದಿಯನ್ನು ಮತ್ತೆ ಮಂಚದ ಬಳಿಗೆ ಕರೆತರಲು ಹೊರಟಿತು. 2016ರಲ್ಲಿ ಜಿಯಾಂಗ್ಸು ಪ್ರಾಂತ್ಯದ ದೊಡ್ಡ ಆಸ್ಪತ್ರೆಗಳು ಹೊರರೋಗಿಗಳಿಗೆ ಡ್ರಿಪ್ ಹಾಕುವುದನ್ನು ನಿಲ್ಲಿಸಿದವು. ಎರಡೂ ಒಳ್ಳೆಯ ಹೆಜ್ಜೆ. ಎರಡನೆಯದನ್ನು ನಾನು ಹೆಚ್ಚು ಮೆಚ್ಚುತ್ತೇನೆ, ಏಕೆಂದರೆ ಅದು ದಾದಿಗೆ ಉಪದೇಶ ಮಾಡದೆ ಅವಳ ಕೈಗೆ ಬಿಡುವು ಮಾಡಿಕೊಟ್ಟಿತು.

ಇನ್ನೊಂದು ಸಂಕಟವನ್ನು ಹೇಳದೆ ಇರಲಾರೆ. ಕ್ಯಾನ್ಸರ್ ಎಂದು ತಿಳಿದಾಗ ನಿಮ್ಮಲ್ಲಿ ಮೊದಲು ಮನೆಯವರಿಗೆ ಹೇಳುತ್ತಾರೆ, ರೋಗಿಗೆ ಹೇಳುವುದೋ ಬೇಡವೋ ಎಂದು ಮನೆಯವರು ತೀರ್ಮಾನಿಸುತ್ತಾರೆ. 2021ರಿಂದ ಜಾರಿಯಲ್ಲಿರುವ ನಿಮ್ಮ ನಾಗರಿಕ ಸಂಹಿತೆ ರೋಗಿಗೇ ವಿವರಿಸಬೇಕು ಎನ್ನುತ್ತದೆ, ಅದು ಆಗದು ಅಥವಾ ತಕ್ಕದ್ದಲ್ಲ ಎಂದಾಗ ಹತ್ತಿರದ ಬಂಧುಗಳಿಗೆ ಎನ್ನುತ್ತದೆ. ಆ ‘ತಕ್ಕದ್ದಲ್ಲ’ ಎಂಬ ಸಂದಿಯಲ್ಲಿ ಸಿಕ್ಕಿಬೀಳುವವಳು ದಾದಿ. ರೋಗಿ ವೈದ್ಯರನ್ನು ಕೇಳುವುದಿಲ್ಲ. ರಾತ್ರಿ, ಎಲ್ಲರೂ ಮಲಗಿದ ಮೇಲೆ, ಡ್ರಿಪ್ ಬದಲಿಸಲು ಬಂದವಳ ಸೆರಗು ಹಿಡಿದು ಕೇಳುತ್ತಾನೆ. ನಮ್ಮ ಬಾಗಲಕೋಟೆ ಕಡೆಯ ಮುದುಕಿಯೊಬ್ಬಳು ನನ್ನನ್ನು ಹಾಗೆಯೇ ಕೇಳಿದ್ದಳು. “ಅಮ್ಮನಿಗೆ ಬರೀ ಗಡ್ಡೆ ಎಂದು ಹೇಳಿ, ಸಿಸ್ಟರ್” ಎಂದು ಮಗ ಹಗಲಲ್ಲಿ ಬೇಡಿಕೊಂಡಿದ್ದ. ನಾನು ಮುದುಕಿಯ ಪಕ್ಕ ಕುಳಿತೆ. ಬಹಳ ಹೊತ್ತು ಸುಮ್ಮನಿದ್ದು ಅವಳೇ, “ಬಿಡವ್ವ, ನನಗೆ ಗೊತ್ತು, ಮಗ ಹೆದರುತ್ತಾನೆ” ಎಂದಳು. ಕುಟುಂಬವೇ ರೋಗಿಯ ಪರವಾಗಿ ಮಾತನಾಡುವ ನಮ್ಮಂಥ ಸಮಾಜಗಳಲ್ಲಿ ಪಾಶ್ಚಾತ್ಯರ ಪ್ರಶ್ನಾವಳಿಯ ‘ರೋಗಿಯ ಹಕ್ಕು’ ಎಂಬ ಸಾಲಿಗೆ ಎಷ್ಟು ಅಂಕ ಹಾಕಬೇಕು ಎಂದು ದಾದಿ ತಡವರಿಸಿದರೆ ಅದನ್ನು ಮೌಲ್ಯದ ಕೊರತೆ ಎನ್ನಬೇಡಿ. ಅವಳು ಇಬ್ಬರ ಮಾತನ್ನೂ ಕೇಳುತ್ತಿರುತ್ತಾಳೆ.

2019ರಿಂದ ನೀವು ಬೀಜಿಂಗ್, ಶಾಂಘೈ ಮೊದಲಾದ ಆರು ಕಡೆ ಮೊಬೈಲ್ ಮೂಲಕ ದಾದಿಯನ್ನು ಮನೆಗೆ ಕರೆಸಿಕೊಳ್ಳುವ ಪ್ರಯೋಗ ಶುರು ಮಾಡಿದಿರಿ. ಐದು ವರ್ಷದ ಅನುಭವ ಇದ್ದವರನ್ನೇ ಕಳಿಸಬೇಕು ಎಂದಿರಿ. ವಯಸ್ಸಾದವರು ಹೆಚ್ಚುತ್ತಿರುವ ದೇಶಕ್ಕೆ ಅದು ಬೇಕಾದದ್ದೇ. ಅಪರಿಚಿತರ ಮನೆಯ ಮುಚ್ಚಿದ ಬಾಗಿಲಿನ ಹಿಂದೆ ಒಬ್ಬಳೇ ಕೆಲಸ ಮಾಡುವವಳಿಗೆ ಶೆನ್‌ಡು ಎಂದರೇನೆಂದು ಯಾರೂ ಕಲಿಸಬೇಕಿಲ್ಲ. ಅವಳು ಕರೆ ಮಾಡಿದರೆ ಆ ಕಡೆ ಎತ್ತುವವರು ಇರಬೇಕು, ಅಷ್ಟೇ. 2014ರಲ್ಲಿ ನಾನ್‌ಜಿಂಗ್‌ನಲ್ಲಿ ಅಧಿಕಾರಿ ದಂಪತಿಗಳು ಡ್ಯೂಟಿಯಲ್ಲಿದ್ದ ದಾದಿಯನ್ನು ತುಂಬಿದ ಆಸ್ಪತ್ರೆಯಲ್ಲೇ ಥಳಿಸಿದ್ದನ್ನು ನೀವು ಮರೆತಿರಲಾರಿರಿ.

ನನ್ನ ಬೇಡಿಕೆಗಳು ಹೆಚ್ಚಿಲ್ಲ. ಒಂದೇ ವಾರ್ಡಿನಲ್ಲಿ ಒಂದೇ ಪಾಳಿ ಮಾಡುವವರ ಸಂಬಳ ಒಂದೇ ಆಗಲಿ. ಮುಂದಿನ ವಿಪತ್ತಿನ ಸಾಮಗ್ರಿಯ ಪಟ್ಟಿಯನ್ನು ಬರೆಯುವ ಮೇಜಿನ ಸುತ್ತ ಪಾಳಿ ಮಾಡುವ ದಾದಿಯರು ಕೂರಲಿ. ಅವರ ಮೌಲ್ಯಗಳನ್ನು ಅಳೆಯುವ ಪ್ರಶ್ನಾವಳಿಯನ್ನು ಅವರ ಕೈಗೆ ಕೊಡುವಾಗ, ಆ ವಾರ್ಡಿನಲ್ಲಿ ಎಷ್ಟು ಮಂಚಕ್ಕೆ ಎಷ್ಟು ದಾದಿಯರಿದ್ದಾರೆ, ಎಷ್ಟು ಮಂದಿ ಗುತ್ತಿಗೆಯವರು ಎಂಬ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆಯಲಿ. 17ನೆಯ ಕಲಮಿನ ಪ್ರಕಾರ ಎಷ್ಟು ದಾದಿಯರು ವೈದ್ಯರ ಆದೇಶವನ್ನು ಪ್ರಶ್ನಿಸಿದರು, ಅವರಲ್ಲಿ ಎಷ್ಟು ಮಂದಿಯ ಮಾತಿಗೆ ಆದೇಶ ತಿದ್ದಲಾಯಿತು, ಎಷ್ಟು ಮಂದಿಗೆ ಮೆಮೊ ಸಿಕ್ಕಿತು ಎಂಬುದನ್ನು ಪ್ರತಿ ವರ್ಷ ಮೇ 12ರಂದು ಪ್ರಕಟಿಸಿ. ಇದನ್ನೇ ನಮ್ಮ ಬೆಂಗಳೂರಿನ ಅಧಿಕಾರಿಗಳಿಗೂ ಬೇರೆ ಪತ್ರದಲ್ಲಿ ಬರೆದು ಕಳಿಸಿದ್ದೇನೆ.

ಕೊನೆಯದಾಗಿ ಒಂದು ಸಣ್ಣ ಕೋರಿಕೆ. ಶಿಜಿಯಾಝುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿ ಕೋಟ್ನಿಸ್ ಅವರ ಪ್ರತಿಮೆಯನ್ನು ನೀವು ಬಹಳ ಗೌರವದಿಂದ ಇಟ್ಟಿದ್ದೀರಿ, ನಮ್ಮ ಕಡೆಯ ಜನ ಅದಕ್ಕೆ ಋಣಿಗಳು. ಇನ್ನು ಮುಂದೆ ಡಿಸೆಂಬರ್ 9ರಂದು ಅಲ್ಲಿ ಹೂವಿಟ್ಟು ಭಾಷಣ ಮಾಡುವಾಗ ಗುವೊ ಚಿಂಗ್‌ಲಾನ್ ಅವರ ಹೆಸರನ್ನೂ ಹೇಳಿ. ಹೆಸರಿನ ಜೊತೆಗೆ ‘ಹುಶಿ’ ಎಂದು ಸೇರಿಸಿ. ಸೊಲ್ಲಾಪುರದಲ್ಲಿ ನಾನು ಹೇಳುತ್ತೇನೆ.

ಇಂತಿ,
ನಿವೃತ್ತ ಶುಶ್ರೂಷಾಧಿಕಾರಿ